ಕಂಪ್ಯೂಟರ್ ಮಗಳಿಗೆ ಶಾಲೆ ಬಿಡಿಸಿದ್ದು

ಮೆತ್ತಗೆ ಮಾತಾಡುವವನು ಜಾರಿ ಬಿದ್ದರೆ ಜನ ಓಡಿ ಬಂದು ಎತ್ತುತ್ತಾರೆ. ಕೂಗಾಡುವವನು ಜಾರಿ ಬಿದ್ದರೆ ಮೊದಲು ನಗುತ್ತಾರೆ, ಆಮೇಲೂ ಎತ್ತುವುದಿಲ್ಲ. ನಾನು ಎರಡನೇ ಜಾತಿಯವನು. ಹಾಗಾಗಿ ವರ್ಷಕ್ಕೊಂದಾದರೂ ನಗೆಪಾಟಲು ನನ್ನ ಮನೆ ಹುಡುಕಿಕೊಂಡು ಬರುತ್ತಿತ್ತು. ಬೇರೆ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲವಾದ್ದರಿಂದ ಅದನ್ನು ಬಾಗಿಲಲ್ಲೇ ವಾಪಸ್ ಕಳಿಸುವ ಹಾಗೂ ಇರಲಿಲ್ಲ.

ನನ್ನ ಕೆಲಸ ಇಷ್ಟೇ. ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸುವುದು. ಯಾರೂ ನೇಮಿಸಿದ್ದಲ್ಲ, ನಾನೇ ನೇಮಿಸಿಕೊಂಡದ್ದು. ಹೊಟ್ಟೆಪಾಡಿಗೆ ತುಮಕೂರಿನ ಬಟವಾಡಿಯಲ್ಲಿ ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕುತ್ತಿದ್ದೆ. ಏಳನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದರು. ಮಿಕ್ಕಿದ್ದನ್ನೆಲ್ಲ ಹಂಚುವ ಪೇಪರ್ ಓದಿಯೇ ಕಲಿತೆ. ಅದಕ್ಕೇ ನನಗೆ ಕಾನೂನು ಗೊತ್ತು, ಇಂಗ್ಲಿಷ್ ಗೊತ್ತಿಲ್ಲ.

ಶುರುವಿನಲ್ಲಿ ನಮ್ಮ ಸಂಘದಲ್ಲಿ ಐದು ಜನ ಇದ್ದೆವು. ಒಬ್ಬ ಪಾರ್ಟಿ ಸೇರಿದ. ಒಬ್ಬ ಸರ್ಕಾರಿ ನೌಕರಿ ಸೇರಿದ. ಇಬ್ಬರು ಮದುವೆಯಾಗಿ ಕಣ್ಮರೆಯಾದರು. ಆಮೇಲೆ ನಾನೊಬ್ಬನೇ ಸಭೆ ಕರೆದು, ಒಬ್ಬನೇ ಅಧ್ಯಕ್ಷತೆ ವಹಿಸಿ, ಕೊನೆಗೆ ಒಬ್ಬನೇ ವಂದನಾರ್ಪಣೆ ಮಾಡುತ್ತಿದ್ದೆ. ನಿರ್ಣಯಗಳೆಲ್ಲ ಸರ್ವಾನುಮತದಿಂದ ಪಾಸಾಗುತ್ತಿದ್ದವು.

ಎದ್ದು ಹೋಗಲು ಮನೆ ಇಲ್ಲದವನು

ತೊಂಬತ್ತರ ದಶಕದ ಮಾತು. ನನ್ನ ಹೋರಾಟದ ಪದ್ಧತಿ ಬಹಳ ಸರಳವಾಗಿತ್ತು. ಮಗುವನ್ನು ಶಾಲೆ ಬಿಡಿಸಿದವರ ಮನೆಗೆ ಬೆಳಿಗ್ಗೆಯೇ ಹೋಗಿ ಜಗಲಿ ಮೇಲೆ ಕೂತುಬಿಡುವುದು. ಆ ಮನೆಯ ನೀರೂ ಕುಡಿಯುವುದಿಲ್ಲ, ಮಗು ಶಾಲೆಗೆ ಹೊರಡುವ ತನಕ ಏಳುವುದೂ ಇಲ್ಲ. ಹಳ್ಳಿಯವರು ಬೈಗುಳ ತಡೆದುಕೊಳ್ಳುತ್ತಾರೆ. ತಮ್ಮ ಜಗಲಿಯಲ್ಲಿ ಒಬ್ಬ ಉಪವಾಸ ಕೂತರೆ ತಡೆದುಕೊಳ್ಳುವುದಿಲ್ಲ.

ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯನ್ನು ಮನೆಯಲ್ಲಿ ಕೂರಿಸಿದ್ದರು. ಹೋಗಿ ಕೂತೆ. ಮನೆಯವರು ನನ್ನನ್ನು ದಾಟಿಕೊಂಡು ಹೊಲಕ್ಕೆ ಹೋದರು. ಹತ್ತು ಗಂಟೆಯ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಸೇರಿದರು. ಹೆಣ್ಣು ನೋಡಲು ಬಂದ ಗಂಡು ಅಂತ ತಿಳಿದುಕೊಂಡಿದ್ದರು.

"ಹಿರೀಕರಿಲ್ದೆ ಒಬ್ನೇ ಬಂದವ್ನಲ್ಲೇ!"

"ವಯಸ್ಸೂ ಜಾಸ್ತಿ ಆಗದೆ ಕಣೇ. ನೆತ್ತಿ ನೋಡು."

ನಾನು ನೆತ್ತಿ ಮುಟ್ಟಿ ನೋಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಅಜ್ಜಿ ಕೋಲೂರಿಕೊಂಡು ಹೊರಗೆ ಬಂದು ಎದುರಿಗೆ ಕೂತಳು.

"ಏನಪ್ಪಾ, ಹೊತ್ತಾರೆಯಿಂದ ಕೂತಿದೀಯ. ಹೆಣ್ಣು ಇನ್ನೂ ಚಿಕ್ಕದು ಕಣಪ್ಪ."

"ಅಜ್ಜಿ, ನಾನು ಹೆಣ್ಣು ನೋಡೋಕೆ ಬಂದಿಲ್ಲ. ನಿಮ್ಮ ಮೊಮ್ಮಗಳನ್ನ ಶಾಲೆಗೆ ಕಳಿಸಿ ಅಂತ ಸತ್ಯಾಗ್ರಹ ಮಾಡ್ತಿದೀನಿ."

"ಅವ್ಳು ಇಸ್ಕೂಲ್ಗೆ ಹೋದ್ರೆ ನಿಂಗೇನ್ ಬತ್ತದೆ?"

"ಏನೂ ಬರಲ್ಲ."

"ನಿಂಗ್ ಮಕ್ಳೆಷ್ಟು?"

"ಇಲ್ಲ."

"ಹೆಂಡ್ರು?"

"ಮದುವೆ ಆಗಿಲ್ಲ ಅಜ್ಜಿ."

"ಅಪ್ಪ ಅವ್ವ?"

"ಇಲ್ಲ."

ಅಜ್ಜಿ ನನ್ನನ್ನು ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿದಳು. ಊಟಕ್ಕೆ ಬಂದಿದ್ದ ಮಗನನ್ನು ಕೂಗಿದಳು.

"ಲೋ, ಕಳ್ಸಿಬುಡೋ ಮಗೀನ ಇಸ್ಕೂಲ್ಗೆ. ಇವ್ನಿಗೆ ಎದ್ದು ಹೋಗಕ್ಕೆ ಮನೆ ಇಲ್ಲ. ಇಲ್ಲೇ ಇದ್ದುಬುಡ್ತಾನೆ!"

ಮಾರನೇ ದಿನವೇ ಹುಡುಗಿ ಶಾಲೆಗೆ ಹೋದಳು. ನನ್ನ ಭಾಷಣಕ್ಕೆ ಬಗ್ಗದವರು ನನ್ನ ಸಂಸಾರದ ವಿವರಕ್ಕೆ ಬಗ್ಗಿದ್ದರು.

ಹನ್ನೊಂದು ಮಕ್ಕಳು, ಒಂದು ಜ್ವರ

ಕುಣಿಗಲ್ ತಾಲ್ಲೂಕಿನಲ್ಲಿ ಬೇರೆಯದೇ ಮೋಸ ನಡೆಯುತ್ತಿತ್ತು. ಬೇರೆ ಊರಿನ ಶಾಲೆಗೆ ಸೇರಿಸುತ್ತೇವೆ ಅಂತ ಅಪ್ಪಂದಿರು ಮಗುವಿನ ಟಿಸಿ ತೆಗೆದುಕೊಂಡು ಹೋಗುವರು. ಇಲ್ಲಿ ಹೆಸರು ಹೊಡೆದುಹಾಕುತ್ತಿದ್ದರು. ಅಲ್ಲಿ ಹೆಸರು ಬರೆಯುತ್ತಿರಲಿಲ್ಲ. ಮಗು ಯಾವ ಪುಸ್ತಕದಲ್ಲೂ ಇಲ್ಲ. ಇಲಾಖೆಯವರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು, ಯಾಕೆಂದರೆ ಪುಸ್ತಕದಲ್ಲಿಲ್ಲದ ಮಗು ಶಾಲೆ ಬಿಟ್ಟಿದೆ ಅಂತ ಯಾರೂ ಹೇಳುವ ಹಾಗಿಲ್ಲವಲ್ಲ.

ನಾನು ಹುಲಿಯೂರುದುರ್ಗದ ದಾರಿಯ ಒಂದು ಶಾಲೆಗೆ ಹೋಗಿ ಹೆಡ್‌ಮಾಸ್ಟರ ಮೇಜು ಗುದ್ದಿದೆ. "ನನ್ನನ್ನ ಕೇಳದೆ ಒಂದೇ ಒಂದು ಟಿಸಿ ಕೊಟ್ರೆ ನಿಮ್ಮ ಗೇಟಿಗೆ ಬೀಗ ಹಾಕ್ತೀನಿ!" ಪಾಪ, ಸಾಧು ಮನುಷ್ಯ. ನಿವೃತ್ತಿ ಹತ್ತಿರ ಬಂದಿತ್ತು. "ಆಗಲಿ ಸಾರ್, ಆಗಲಿ ಸಾರ್" ಅಂದರು.

ಆ ಜೂನ್‌ನಲ್ಲಿ ನನಗೆ ವಿಷಮಶೀತ ಜ್ವರ ಹಿಡಿದು ಮೂರು ವಾರ ರೂಮಿನಲ್ಲಿ ಮಲಗಿಬಿಟ್ಟೆ. ಪೇಪರ್ ಬರಲಿಲ್ಲ ಅಂತ ಬೈಯಲು ಇಬ್ಬರು ಬಂದಿದ್ದರು. ಅದು ಬಿಟ್ಟರೆ ನಾನು ಇದ್ದೇನೋ ಸತ್ತೇನೋ ಅಂತ ಕೇಳಿದವರಿಲ್ಲ. ಒಂದು ಬೆಳಿಗ್ಗೆ ಬಾಗಿಲ ಹೊರಗೆ ಗುಜುಗುಜು ಕೇಳಿಸಿತು. ಎದ್ದು ತೆಗೆದರೆ ಆ ಹೆಡ್‌ಮಾಸ್ಟರು, ಸೊಂಟಕ್ಕೆ ಸೆರಗು ಸಿಕ್ಕಿಸಿದ ಒಬ್ಬ ತಾಯಿ, ಹಿಂದೆ ಹನ್ನೊಂದು ಮಕ್ಕಳು. ಕುಣಿಗಲ್ ಕಡೆಯಿಂದ ಬಸ್ಸು ಹತ್ತಿಕೊಂಡು ನನ್ನನ್ನು ನೋಡಲು ಬಂದಿದ್ದಾರೆ! ಬಾಗಿಲನ್ನು ಪೂರ್ತಿ ತೆರೆದೆ.

"ಇಷ್ಟು ದೂರ ಯಾಕೆ ಬಂದ್ರಿ" ಅಂದೆ.

"ಟಿಸಿಗೆ ಸಾರ್" ಅಂದರು ಹೆಡ್‌ಮಾಸ್ಟರು. "ನಮ್ಮಲ್ಲಿ ಇರೋದು ಏಳನೇ ಕ್ಲಾಸಿನ ತನಕ. ಇವರೆಲ್ಲ ಪಾಸಾಗಿ ಹೈಸ್ಕೂಲಿಗೆ ಸೇರಬೇಕು. ಅಲ್ಲಿ ಟಿಸಿ ಕೇಳ್ತಾರೆ. ತಾವು ಹೇಳೋ ತನಕ ನಾನು ಕೊಡಲಿಲ್ಲ."

ತಾಯಿ ಮುಂದೆ ಬಂದಳು. "ಓದ್ಸಿ ಓದ್ಸಿ ಅಂತ ಬಡ್ಕಳೋನೂ ನೀನೇ, ಓದಕ್ ಹೋಗೋ ಮಕ್ಳ ತಡೆಯೋನೂ ನೀನೇ. ಏನಯ್ಯಾ ನಿನ್ನ ಕತೆ?"

ನಾನು ಚಾಪೆ ಮೇಲೆ ಕೂತು ಹನ್ನೊಂದು ಕಾಗದಕ್ಕೆ ನನ್ನ ಬೆಲೆಯಿಲ್ಲದ ಸಹಿ ಹಾಕಿದೆ. ಅವರು ನನ್ನ ಜ್ವರವನ್ನು ಗಮನಿಸದೆ ಹೊರಟರು. ಎಲ್ಲರೂ ಮೆಟ್ಟಿಲಿಳಿದ ಮೇಲೆ ಕೊನೆಯ ಪುಟ್ಟ ಹುಡುಗಿ ಮಾತ್ರ ತಿರುಗಿ ಓಡಿ ಬಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ಇವಳೊಬ್ಬಳಾದರೂ ಕೇಳುತ್ತಾಳೆ ಅಂದುಕೊಂಡು, "ಏನಮ್ಮ?" ಅಂದೆ.

"ಸಾ, ಪೆನ್ನು ನಮ್ದು."

ಎರಡು ಬ್ಯಾಗುಗಳ ಕಾವಲು

ಕಾಲ ಬದಲಾಯಿತು. ಎರಡು ಸಾವಿರದ ಐದೋ ಆರೋ ಇರಬೇಕು. ನನ್ನ ಮನವಿಪತ್ರಗಳನ್ನು ಟೈಪ್ ಮಾಡಿಕೊಡುತ್ತಿದ್ದ ಬಟವಾಡಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಸೈಬರ್ ಸೆಂಟರ್ ಆಯಿತು. ಎರಡನ್ನೂ ನಡೆಸಿದವರು ಒಬ್ಬರೇ ಮೇಡಂ, ಐವತ್ತರ ಆಸುಪಾಸಿನವರು, ಕಡ್ಡಿ ಮುರಿದ ಹಾಗೆ ಮಾತಾಡುವವರು. ಇಪ್ಪತ್ತು ಟೈಪ್‌ರೈಟರ್ ಇದ್ದ ಜಾಗದಲ್ಲಿ ಈಗ ಎಂಟು ಕಂಪ್ಯೂಟರ್.

ಒಂದು ಬೆಳಿಗ್ಗೆ ಶಿಕ್ಷಣ ಇಲಾಖೆಗೆ ಬೈಗುಳದ ಮನವಿ ಟೈಪ್ ಮಾಡಿಸಲು ಹೋದರೆ ಮೂಲೆಯಲ್ಲಿ ಯೂನಿಫಾರ್ಮ್ ಹಾಕಿದ ಇಬ್ಬರು ಹೈಸ್ಕೂಲ್ ಹುಡುಗಿಯರು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಒಬ್ಬಳು ಕನ್ನಡಕದವಳು, ಇನ್ನೊಬ್ಬಳು ಎರಡು ಜಡೆಯವಳು. ಗಂಟೆ ಹನ್ನೊಂದು!

"ಯಾವ ಸ್ಕೂಲಮ್ಮ ನಿಮ್ದು?" ಅಂತ ನಾನು ಗುಡುಗಿದ್ದೇ ತಡ, ಬ್ಯಾಗು ಬಿಟ್ಟು ಹಿಂದಿನ ಬಾಗಿಲಿಂದ ಓಡಿದರು. ಬ್ಯಾಗಿಗಾದರೂ ಬರಲೇಬೇಕಲ್ಲ, ಬರಲಿ, ವಿಚಾರಿಸಿಕೊಳ್ಳುತ್ತೇನೆ ಅಂತ ಅವರ ಕುರ್ಚಿಯಲ್ಲೇ ಕಾವಲು ಕೂತೆ.

ಎದುರಿಗೆ ಅವರು ಬಿಟ್ಟು ಹೋದ ಆಟ ನಡೆಯುತ್ತಲೇ ಇತ್ತು. ಗುಂಡು ಹಾರಿಸುವ ಆಟವಲ್ಲ. ಮೇಲ್ಛಾವಣಿ ತೆಗೆದು ಒಳಗೆ ಇಣುಕಿದ ಹಾಗೆ ಒಂದು ಮನೆ. ಒಳಗೆ ಬೊಂಬೆಯಂಥ ಜನ ಅಡುಗೆ ಮಾಡುತ್ತಾರೆ, ಉಣ್ಣುತ್ತಾರೆ, ಜಗಳವಾಡುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಮಕ್ಕಳನ್ನು ಕರೆದೊಯ್ಯಲು ಹಳದಿ ಬಸ್ಸು ಬಂದು ಹಾರನ್ ಹೊಡೆಯುತ್ತದೆ. ಅವರಿಗೆ ಏನು ಮಾಡಬೇಕು ಅಂತ ಹೇಳುವವರು ನಾವು. ಇಷ್ಟು ಕೆಲಸಕ್ಕೆ ಬಾರದ ಆಟವನ್ನು ನಾನು ನೋಡಿಯೇ ಇರಲಿಲ್ಲ. ಇನ್ನೊಂದು ಸ್ವಲ್ಪ ನೋಡಿದೆ.

ಹೆಗಲ ಮೇಲೆ ಯಾರೋ ತಟ್ಟಿದಾಗ ನಾಲ್ಕೂವರೆ. ಎರಡು ಜಡೆಯವಳು ಬ್ಯಾಗು ಹಿಡಿದು ನಿಂತಿದ್ದಳು.

"ಅಂಕಲ್, ಬೆಳಿಗ್ಗೆಯಿಂದ ಇಲ್ಲೇ ಇದೀರಾ? ನಿಮಗೆ ಮನೇಲಿ ಯಾರೂ ಬೈಯಲ್ವಾ?"

ಅಂದಿನಿಂದ ನಾನು ದಿನಾ ಹೋಗಿ ಆ ಕಂಪ್ಯೂಟರ್ ಹಿಡಿದು ಕೂರತೊಡಗಿದೆ. ಆ ಆಟ ಇದ್ದದ್ದು ಅದೊಂದರಲ್ಲೇ. ಸೀಟು ಸಿಗದ ಹುಡುಗಿಯರು ಬೇರೆ ದಾರಿಯಿಲ್ಲದೆ ಶಾಲೆಗೆ ಹೋಗಿ, ನಾಲ್ಕೂವರೆಗೆ ಬರುತ್ತಿದ್ದರು. ಅಷ್ಟು ವರ್ಷದ ಹೋರಾಟದಲ್ಲಿ ಇಷ್ಟು ಸುಲಭವಾಗಿ ಯಾರನ್ನೂ ನಾನು ಶಾಲೆಗೆ ಮರಳಿಸಿರಲಿಲ್ಲ.

ಹೋರಾಟಗಾರನಿಗೆ ಕೆಲಸ ಖಾಲಿ ಇಲ್ಲ

"ಅಂಕಲ್, ನಮ್ಮ ಮನೆ ಹಾಳ್ ಮಾಡ್ಬೇಡಿ. ನಿಮ್ದೇ ಒಂದು ಮನೆ ಮಾಡ್ಕೊಳಿ" ಅಂದಳು ಕನ್ನಡಕದವಳು. ಅವಳೇ ಓದಿ ಹೇಳುತ್ತ ಮಾಡಿಸಿದಳು.

ಮೊದಲು ನನ್ನ ಹಾಗೇ ಒಬ್ಬ ಗಂಡಸು. ಮೀಸೆ ಸಿಕ್ಕಿತು. ಜುಬ್ಬ ಸಿಗಲಿಲ್ಲ, ಹೂವಿನ ಷರ್ಟು ಹಾಕಿಸಿದೆವು.

"ಹೆಂಡತಿ?" ಅಂದಳು.

"ಬೇಡಮ್ಮ. ಈ ವಯಸ್ಸಲ್ಲಿ ಇನ್ನೊಬ್ಬರ ಜೀವನ ಯಾಕೆ ಹಾಳು ಮಾಡ್ಲಿ."

ಆ ಕಡೆ ಮೇಡಂ ಏನೂ ಕೇಳಿಸದವರ ಹಾಗೆ ಪ್ರಿಂಟರಿಗೆ ಕಾಗದ ತುಂಬಿದರು.

"ಒಬ್ಬಳು ಮಗಳು ಇರಲಿ" ಅಂದೆ. "ಎಳೆ ಕೂಸು ಬೇಡ, ಎತ್ಕೊಳಕ್ಕೆ ಬರಲ್ಲ. ನಿಮ್ಮಷ್ಟು ದೊಡ್ಡವಳು."

ಕಂಪ್ಯೂಟರ್ ಅವಳ ಹೆಸರು ಕೇಳಿತು. ನನಗೆ ಯಾವ ಹೆಸರೂ ಹೊಳೆಯಲಿಲ್ಲ. ಅಂಥದ್ದನ್ನು ಯೋಚಿಸಿ ಇಡುವ ಸಂದರ್ಭ ಬಂದಿರಲಿಲ್ಲ. 'ಮಗಳು' ಅಂತಲೇ ಹೊಡೆಸಿದೆ.

ಅಪ್ಪನಿಗೆ ಕೆಲಸ ಹುಡುಕಿದೆವು. ಆಟದೊಳಗಿನ ಪೇಪರಿನಲ್ಲಿ ಪೊಲೀಸ್ ಕೆಲಸ ಇತ್ತು, ಡಾಕ್ಟರ್ ಕೆಲಸ ಇತ್ತು, ಕಳ್ಳನ ಕೆಲಸವೂ ಇತ್ತು.

"ಹೋರಾಟಗಾರ?"

"ಇಲ್ಲ ಅಂಕಲ್."

"ಕಳ್ಳನಿಗೆ ಜಾಗ ಇದೆ, ಕಳ್ಳನ್ನ ಪ್ರಶ್ನೆ ಮಾಡೋನಿಗೆ ಇಲ್ವಾ? ಇದನ್ನ ಮಾಡಿದೋನು ನಮ್ಮ ಜಿಲ್ಲೆಯೋನೇ ಇರ್ಬೇಕು" ಅಂತ ಅಪ್ಪನನ್ನು ಮನೆಯಲ್ಲೇ ಇರಿಸಿದೆ.

ಆ ಜನ ಆಡುವುದು ಯಾವ ದೇಶದ್ದೂ ಅಲ್ಲದ ಭಾಷೆ. ಮಗಳು ಕೈ ಆಡಿಸಿಕೊಂಡು ಏನೇನೋ ಹೇಳುವಳು, ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆ ವಯಸ್ಸಿನ ಮಕ್ಕಳಿರುವ ಅಪ್ಪಂದಿರೆಲ್ಲ ಹಾಗೇ ಹೇಳುತ್ತಾರಾದ್ದರಿಂದ ಅನುಮಾನ ಬರಲಿಲ್ಲ.

ತೆರೆಯ ಕೆಳಗಡೆ ಕೆಲವು ಪಟ್ಟಿಗಳಿದ್ದವು. ಹಸಿವಿಗೊಂದು, ನಿದ್ದೆಗೊಂದು, ಸ್ನಾನಕ್ಕೊಂದು. ಎಲ್ಲ ಸರಿಯಿದ್ದರೆ ಹಸಿರು, ಕಮ್ಮಿಯಾದರೆ ಕೆಂಪು. ಎರಡನೇ ದಿನ ಒಂದು ಪಟ್ಟಿ ಪೂರ್ತಿ ಕೆಂಪಗಾಯಿತು. ಹುಡುಗಿಯರು ಇನ್ನೂ ಬಂದಿರಲಿಲ್ಲ. ಮೇಡಂ ಅವರನ್ನು ಕರೆದೆ.

ಅವರು ಬಗ್ಗಿ ಓದಿದರು. "ಇದು ಜನರ ಪಟ್ಟಿ ಸಾರ್. ಮಾತಾಡೋಕೆ ಯಾರೂ ಇಲ್ದಿದ್ರೆ ಇಳಿಯುತ್ತೆ. ಒಂಟಿತನ."

"ಅಯ್ಯೋ ಪಾಪ. ಮಗಳಿಗಾ?"

"ಮಗಳು ಸ್ಕೂಲಲ್ಲಿ ಚೆನ್ನಾಗೇ ಇದಾಳೆ" ಅಂದರು ಮೇಡಂ. "ಇದು ಮೀಸೆಯವರದ್ದು."

ಕೋಟು ಹಾಕಿದ ಹೆಂಗಸು

ಇದಕ್ಕೆ ಮದ್ದನ್ನು ನಾನೇ ಕಂಡುಹಿಡಿದೆ. ಮಗಳು ಶಾಲೆಯಿಂದ ಬಂದು ಪುಸ್ತಕ ನೆಲದ ಮೇಲಿಟ್ಟ ತಕ್ಷಣ ಅಪ್ಪನನ್ನು ಕಳಿಸಿ ಮಾತಿಗೆ ಕೂರಿಸುತ್ತಿದ್ದೆ. ಅವಳು ಮಾತಾಡಿದಷ್ಟೂ ಅಪ್ಪನ ಕೆಂಪು ಪಟ್ಟಿ ಹಸಿರಾಗುತ್ತ ಏರುತ್ತಿತ್ತು. ಅದು ಏರುವುದನ್ನು ನೋಡುತ್ತಿದ್ದರೆ ನನ್ನ ಎದೆಯೊಳಗೂ ಏನೋ ಏರಿದ ಹಾಗೆ ಆಗುತ್ತಿತ್ತು. ನೆಲದ ಮೇಲೆ ಹೋಂವರ್ಕ್ ಪುಸ್ತಕಗಳು ಹಾಗೇ ಬಿದ್ದಿದ್ದವು. ನಾನು ಅವನ್ನು ಮನೆಯ ಸಾಮಾನು ಅಂದುಕೊಂಡಿದ್ದೆ.

ಪಕ್ಕದಲ್ಲಿ ಮಗಳ ಶಾಲೆಯ ಲೆಕ್ಕಕ್ಕೆ ಒಂದು ಇಂಗ್ಲಿಷ್ ಅಕ್ಷರ ಇರುತ್ತಿತ್ತು. ಶುರುವಿನಲ್ಲಿ ಬಿ ಇತ್ತು. ಆಮೇಲೆ ಸಿ ಬಂತು, ಡಿ ಬಂತು. ಎಬಿಸಿಡಿ ಅಷ್ಟು ನನಗೂ ಬರುತ್ತದೆ. ಮಗಳು ಮುಂದೆ ಮುಂದೆ ಹೋಗುತ್ತಿದ್ದಾಳೆ ಅಂತ ಹೆಮ್ಮೆಯಾಗಿ ಮೇಡಂಗೂ ತೋರಿಸಿದ್ದೆ. ಎಫ್ ಬಂದ ದಿನ ಅಂಗಡಿಯಿಂದ ನಾಲ್ಕು ಮೈಸೂರು ಪಾಕ್ ತಂದು ಹಂಚಿದೆ.

ಮೈಸೂರು ಪಾಕ್ ಬಾಯಲ್ಲಿರುವಾಗಲೇ ಮನೆ ಮುಂದೆ ಒಂದು ಕಾರು ನಿಂತಿತು. ಕೋಟು ಹಾಕಿದ ಒಬ್ಬ ಹೆಂಗಸು ಇಳಿದು ಬಂದು ಅಪ್ಪನ ಮುಂದೆ ಬೆರಳಾಡಿಸತೊಡಗಿದಳು.

"ಯಾರಿದು?"

ಕನ್ನಡಕದವಳು ಓದಿದಳು. "ಮಕ್ಕಳ ಕಲ್ಯಾಣ ಇಲಾಖೆಯವರಂತೆ ಅಂಕಲ್. ಮಗಳು ಫೇಲಾಗ್ತಿದಾಳೆ, ಅಪ್ಪ ಓದಿಸ್ತಿಲ್ಲ. ಇನ್ನೊಂದು ಸಲ ಹೀಗಾದ್ರೆ ಕರ್ಕೊಂಡು ಹೋಗಿಬಿಡ್ತಾರಂತೆ. ವಾರ್ನಿಂಗು."

ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ.

"ಯಾವಳೇ ನೀನು? ನನ್ನ ಮಗಳು, ನನ್ನ ಮನೆ! ಅವಳು ಓದಿದ್ರೆ ನಿಂಗೇನ್ ಬತ್ತದೆ? ಮೊದ್ಲು ನಿಂಗೆ ಮಕ್ಳಿದಾವಾ ಹೇಳು! ಬಂದ್ಬಿಟ್ಲು ದೊಡ್ಡದಾಗಿ ಹೇಳಕ್ಕೆ!"

ಮಿಕ್ಕ ಏಳು ಕಂಪ್ಯೂಟರಿನವರೂ ತಿರುಗಿ ನೋಡಿದರು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನು ನಿಧಾನ ಮಾಡಿದ. ಮೇಡಂ ಮಾತ್ರ ತಲೆ ಎತ್ತಲಿಲ್ಲ.

"ಸಾರ್, ಕಲೆಕ್ಟರಿಗೆ ಕೊಟ್ಟ ಮನವಿಯಲ್ಲಿ 'ಪೋಷಕರ ಉಡಾಫೆ ಉತ್ತರಗಳು' ಅಂತ ಒಂದು ಪಟ್ಟಿ ಟೈಪ್ ಮಾಡಿಸಿದ್ರಿ. ಈಗ ನೀವು ಅಂದಿದ್ದು ಅದರಲ್ಲಿ ಒಂದರಿಂದ ನಾಲ್ಕು. ಐದನೇದೂ ಅಂದುಬಿಡಿ, ಪೂರ್ತಿಯಾಗ್ಲಿ."

ಶಾಲೆ ಬಿಡಿಸುವ ಸಿಡಿ

ಈಗ ನನ್ನ ಪರಿಸ್ಥಿತಿ ಸ್ಪಷ್ಟವಾಯಿತು. ಮಗಳು ಓದಿದರೆ ಅಪ್ಪನಿಗೆ ಮಾತಾಡಲು ಯಾರೂ ಇಲ್ಲ. ಅಪ್ಪನ ಜೊತೆ ಮಾತಾಡಿದರೆ ಮಗಳೇ ಇಲ್ಲ.

ಎರಡು ದಿನ ಓದಿಸಿ ನೋಡಿದೆ. ಹೋರಾಟಗಾರನಾಗಿ ಅಷ್ಟಾದರೂ ಮಾಡಬೇಕಲ್ಲ. ಮಗಳು ಬಂದವಳೇ ಮೇಜಿನ ಮುಂದೆ ಕೂತು ಬರೆದಳು, ಉಂಡಳು, ಮಲಗಿದಳು. ಅಪ್ಪ ಸೋಫಾ ಮೇಲೆ ಕೂತಿದ್ದ. ಮೂರನೇ ದಿನ ಅವನು ಎದ್ದು ಹಾಲಿನ ನಡುವೆ ನಿಂತು, ನಾನು ಏನೂ ಒತ್ತದೆಯೇ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತ. ಹೂವಿನ ಷರ್ಟಿನಲ್ಲಿ ಅಳುವ ಮೀಸೆಯ ಮನುಷ್ಯನನ್ನು ನೋಡಿ ಪಕ್ಕದ ಸೀಟಿನ ಕಾಲೇಜು ಹುಡುಗ ನಕ್ಕ. ನಾನೂ ನಗಲು ಪ್ರಯತ್ನಿಸಿದೆ.

ಆ ಸಂಜೆ ಎರಡು ಜಡೆಯವಳು ಬ್ಯಾಗಿನಿಂದ ಒಂದು ಸಿಡಿ ತೆಗೆದಳು.

"ಅಂಕಲ್, ಇದನ್ನ ಹಾಕಿದ್ರೆ ಸ್ಕೂಲ್ ಬಿಡ್ಸೋ ಆಪ್ಶನ್ ಬರುತ್ತೆ. ಕಂಪನಿಯವರು ಕೊಟ್ಟಿಲ್ಲ, ಯಾರೋ ಆಟ ಆಡೋರೇ ಮಾಡಿದಾರೆ. ಒಂದ್ಸಲ ಒತ್ತಿದ್ರೆ ಆಯ್ತು. ಸ್ಕೂಲೂ ಇಲ್ಲ, ಫೇಲೂ ಇಲ್ಲ. ಯಾರೂ ಕರ್ಕೊಂಡೂ ಹೋಗಲ್ಲ. ಮನೇಲೇ ಇರ್ತಾಳೆ."

ನಾನು ಕೆಂಡವಾದೆ. "ಯಾವ ದರಿದ್ರದೋನು ಮಾಡಿದ್ದು ಇದನ್ನ? ಮಕ್ಕಳನ್ನ ಶಾಲೆ ಬಿಡಿಸೋಕೂ ಒಂದು ಬಟನ್ನಾ? ಇಲ್ಲಿ ಬಿಡಿಸೋರು ಸಾಲ್ದು ಅಂತ ಕಂಪ್ಯೂಟರ್‌ನಲ್ಲೂ ಬಿಡಿಸ್ತಾರಾ? ಬಿಸಾಕು ಆಚೆಗೆ!" ಅಂತ ಕೂಗಿ ಹೊರಗೆ ಬಂದೆ. ಹೈವೇ ಬದಿಯಲ್ಲಿ ನಿಂತು ಟೀ ಕುಡಿದೆ. ಲಾರಿಗಳು ಹೋದವು. ಟೀ ಅಂಗಡಿಯವನು "ಇನ್ನೊಂದಾ?" ಅಂದ. ಆ ದಿನ ಬೆಳಿಗ್ಗೆಯಿಂದ ಮೇಡಂ, ಹುಡುಗಿಯರು ಬಿಟ್ಟು ನನ್ನನ್ನು ಮಾತಾಡಿಸಿದ ಒಬ್ಬನೇ ಮನುಷ್ಯ ಅವನು. ಅದೂ ಒಂದೇ ಮಾತು.

ಯಡಿಯೂರಿನ ಹತ್ತಿರದ ಒಬ್ಬ ಅಪ್ಪ ನೆನಪಾದ. ಹೆಂಡತಿ ಇಲ್ಲ, ಒಬ್ಬಳೇ ಮಗಳು. ಶಾಲೆ ಬಿಡಿಸಿದ್ದ. ನಾನು ಹೋಗಿ ಹಾರಾಡಿದಾಗ ಅವನು ತಲೆ ತಗ್ಗಿಸಿಕೊಂಡು, "ಶಾಲೆ ಬ್ಯಾಡ ಅಂತಲ್ಲ ಸಾಮಿ. ಅವ್ಳೂ ಹೋದ್ರೆ ಮನೇಲಿ ಮಾತಾಡೋ ಜೀವ ಇಲ್ಲ" ಅಂದಿದ್ದ. ಅದನ್ನು ನಾನು ಉಡಾಫೆ ಉತ್ತರಗಳ ಪಟ್ಟಿಗೆ ಸೇರಿಸಿದ್ದೆ. ಅದು ಉಡಾಫೆಯಾಗಿರಲಿಲ್ಲ. ಹಾಗಂತ ನಾನು ಮಾಡಿದ್ದೂ ತಪ್ಪಲ್ಲ. ಆ ಹುಡುಗಿ ಶಾಲೆಗೆ ಹೋಗಲೇಬೇಕಿತ್ತು, ಅಪ್ಪನ ಒಂಟಿತನ ಕಳೆಯುವುದು ಮಗುವಿನ ಕೆಲಸವಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಅವಳನ್ನು ಕಳಿಸಿದ ಮೇಲೆ ಒಂದು ಸಂಜೆ ನಾನು ಅವನ ಹತ್ತಿರ ಹೋಗಿ ಸುಮ್ಮನೆ ಕೂತು ಬರಬಹುದಿತ್ತು. ಹೋಗಲಿಲ್ಲ. ಮುಂದಿನ ಊರಿಗೆ ಕೂಗಾಡಲು ಹೋದೆ.

ಟೀ ಮುಗಿಸಿ ಒಳಗೆ ಬಂದು ಕೂತೆ. ಯಾರ ಮುಖವನ್ನೂ ನೋಡದೆ, "ಹಾಕಮ್ಮ ಸಿಡಿ" ಅಂದೆ.

ಎರಡು ಜಡೆಯವಳು ಸಿಡಿ ಹಾಕಿದಳು. ಮಗಳ ಮೇಲೆ ಒತ್ತಿದರೆ ಹೊಸದೊಂದು ಸಾಲು ಬಂತು. ನನ್ನ ಕೈಯಿಂದಲೇ ಒತ್ತಿದೆ. ಮಗಳು ಎರಡೂ ಕೈ ಮೇಲೆತ್ತಿ ಕುಣಿದಳು.

ಆಟದಲ್ಲಿ ಬೆಳಗಾಯಿತು. ಮಗಳು ಮುಸುಕು ಹಾಕಿ ಮಲಗಿದ್ದಳು. ಹಳದಿ ಬಸ್ಸು ಬಂದು ಅಭ್ಯಾಸದಂತೆ ಹಾರನ್ ಹೊಡೆಯಿತು. "ಹೋಗಯ್ಯಾ, ಬರಲ್ಲ ಅವಳು" ಅಂದೆ. ಬಸ್ಸು ಹೋಗಲಿಲ್ಲ. ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟ. ಎದ್ದ. ಬಾಗಿಲು ತೆಗೆದ. ಹೂವಿನ ಷರ್ಟಿನಲ್ಲಿ ಓಡುತ್ತ ಹೋಗಿ ಬಸ್ಸು ಹತ್ತಿಕೊಂಡ.

ಬಸ್ಸು ಹೊರಟಿತು.

ಕನ್ನಡಕದವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಸಿಡಿ ಸರಿ ಇಲ್ಲ ಅನ್ಸುತ್ತೆ ಅಂಕಲ್. ಅವಳ ಹೆಸರು ತೆಗೆದು ನಿಮ್ಮ ಹೆಸರು ಹಾಕ್ಬಿಟ್ಟಿದೆ. ಮನೆಗೊಬ್ಬರಾದ್ರೂ ಹೋಗ್ಲೇಬೇಕೇನೋ. ತಪ್ಪಾಗಿದೆ."

"ತಪ್ಪಲ್ಲಮ್ಮ" ಅಂದೆ. "ಆ ಸಿಡಿಯಲ್ಲಿರೋದು ಅದೊಂದೇ ಸರಿಯಾದ ಕಾನೂನು."

ಮಗಳು ಎದ್ದಳು. ಖಾಲಿ ಮನೆ. ರೂಮಿಂದ ರೂಮಿಗೆ ಹೋದಳು. ಒಬ್ಬಳೇ ಉಂಡಳು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತಳು. ಅವಳ ಪಟ್ಟಿ ಕೆಂಪಗಾಗಿತ್ತು. ಅಪ್ಪ ಬಸ್ಸಿಳಿದು ಪುಸ್ತಕ ಹಿಡಿದುಕೊಂಡು ಬಂದದ್ದೇ ತಡ ಅವಳು ಓಡಿ ಹೋದಳು. ಇಷ್ಟು ಕಾದವಳ ಮುಂದೆ ಹೋಂವರ್ಕ್ ತೆಗೆದು ಕೂರು ಅಂತ ನಾನು ಹೇಗೆ ಹೇಳಲಿ? ಇಬ್ಬರನ್ನೂ ಮಾತಿಗೆ ಕೂರಿಸಿದೆ. ಇಬ್ಬರದ್ದೂ ಹಸಿರಾಯಿತು. ಮಾರನೇ ದಿನವೂ ಹಾಗೆಯೇ, ಅದರ ಮಾರನೇ ದಿನವೂ. ಅಪ್ಪ ಮಗಳು ಇಬ್ಬರೂ ಆ ಯಾರದ್ದೂ ಅಲ್ಲದ ಭಾಷೆಯಲ್ಲಿ ಬಿದ್ದು ಬಿದ್ದು ನಗುವರು.

"ಸಾರ್, ಮೀಸೆಯವರದ್ದು ಡಿ ಆಯ್ತು" ಅಂದರು ಮೇಡಂ. ಅವರೂ ಈಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಿದ್ದರು. "ಸ್ವಲ್ಪ ಓದಿಸಿ ಅವರನ್ನ."

"ಈ ವಯಸ್ಸಲ್ಲಿ ಎಲ್ಲಿ ಓದ್ತಾನೆ ಬಿಡಿ ಮೇಡಂ."

ಎಫ್ ಬಂದ ದಿನ ಕಾರೂ ಬಂತು. ಅದೇ ಕೋಟಿನ ಹೆಂಗಸು ಇಳಿದಳು. ಈ ಸಲ ನನಗೆ ಭಯವಿರಲಿಲ್ಲ. ತೋಳು ಮೇಲಕ್ಕೇರಿಸಿ ಕೂತೆ.

"ಬಾರಮ್ಮ ಬಾ. ಮಗಳನ್ನ ಶಾಲೆ ಬಿಡಿಸಾಯ್ತು. ಫೇಲಾಗೋಕೆ ಅವಳು ಶಾಲೆಯಲ್ಲೇ ಇಲ್ಲ. ಈಗ ಯಾರನ್ನ ಕರ್ಕೊಂಡು ಹೋಗ್ತೀಯ, ನೋಡೇಬಿಡ್ತೀನಿ!"

ಅವಳು ಗೇಟು ದಾಟಿದಳು. ಮಗಳನ್ನೂ ದಾಟಿದಳು. ಸೀದಾ ಸೋಫಾ ಹತ್ತಿರ ಹೋಗಿ ಅಪ್ಪನ ಕೈ ಹಿಡಿದು ಎಬ್ಬಿಸಿದಳು. ಮೀಸೆ ಹೊತ್ತ ಐವತ್ತರ ಮನುಷ್ಯ ತಲೆ ತಗ್ಗಿಸಿಕೊಂಡು, ಚಿಕ್ಕ ಮಗುವಿನ ಹಾಗೆ ಅವಳ ಕೈ ಹಿಡಿದು ನಡೆದು ಹೋಗಿ ಕಾರಿನಲ್ಲಿ ಕೂತ. ಗೇಟಿನಲ್ಲಿ ನಿಂತು ಮಗಳು ಕೈ ಬೀಸಿದಳು.

ಮೊದಲು ನಕ್ಕವರು ಮೇಡಂ. ಅವರು ನಗುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಮಿಕ್ಕ ಏಳು ಕಂಪ್ಯೂಟರಿನವರೂ ಎದ್ದು ಬಂದು ನಿಂತರು. ಹೊಟ್ಟೆ ಹಿಡಿದುಕೊಂಡು ನಾನೂ ನಗುತ್ತಿದ್ದೆ.

"ಮಗಳ ಗತಿ ಏನಮ್ಮ ಈಗ?" ಅಂದೆ ಉಸಿರು ಹಿಡಿದುಕೊಂಡು.

"ಅವಳು ದೊಡ್ಡವಳು ಅಂಕಲ್, ಒಬ್ಬಳೇ ಇರ್ತಾಳೆ. ನೋಡಿ, ಫ್ರೆಂಡ್ಸ್‌ಗೆ ಫೋನ್ ಮಾಡ್ತಿದಾಳೆ."

"ಅದು ಸರಿ, ಪಾಪ ಅವರನ್ನ ಎಲ್ಲಿಗೆ ಕರ್ಕೊಂಡು ಹೋದ್ರಂತೆ?" ಮೇಡಂ ಕಣ್ಣೊರೆಸಿಕೊಳ್ಳುತ್ತ ಕೇಳಿದರು.

ಕನ್ನಡಕದವಳು ತೆರೆಗೆ ಮುಖ ಹತ್ತಿರ ತಂದು ನಿಧಾನವಾಗಿ ಓದಿ ಹೇಳಿದಳು. "ಚೆನ್ನಾಗಿ ನೋಡ್ಕೊಳೋ ಒಂದು ಒಳ್ಳೇ ಕುಟುಂಬಕ್ಕೆ ಕೊಟ್ಟಿದಾರಂತೆ."

ಎಲ್ಲರೂ ಮತ್ತೆ ಹೋ ಅಂತ ನಕ್ಕರು. ನಗು ನಿಲ್ಲುವ ತನಕ ಕಾದು ನಾನು ಕೇಳಿದೆ:

"ಅಡ್ರೆಸ್ ಏನಾದ್ರೂ ಕೊಟ್ಟಿದಾರಾ, ಸ್ವಲ್ಪ ನೋಡಮ್ಮ."